ಫೈಲ್ ಸರ್ವರಿನ ಸ್ಮೃತಿಯೂ ಎಚ್ಚರಿಕೆಯ ಗಂಟೆಯೂ

ದೊಡ್ಡದೊಂದು ಕಚೇರಿಯಲ್ಲಿ ಇನ್ನೂರು ಮಂದಿ ಕೆಲಸ ಮಾಡುತ್ತಿರುವರೆಂದು ಭಾವಿಸೋಣ. ಪ್ರತಿಯೊಬ್ಬರ ಮೇಜಿನ ಮೇಲೂ ಒಂದೊಂದು ಕಂಪ್ಯೂಟರು ಉಂಟು. ಆದರೆ ಕಚೇರಿಯ ಲೆಕ್ಕಪತ್ರ, ಪತ್ರವ್ಯವಹಾರ, ನಕ್ಷೆ, ಒಪ್ಪಂದ ಇವಾವುವೂ ಆ ಕಂಪ್ಯೂಟರುಗಳಲ್ಲಿಲ್ಲ. ಅವೆಲ್ಲವೂ ಮೂಲೆಯ ಕೋಣೆಯೊಂದರಲ್ಲಿ ಬಾಗಿಲು ಮುಚ್ಚಿ ಇರಿಸಿದ ಒಂದೇ ಯಂತ್ರದಲ್ಲಿವೆ. ಕಡತ ಬೇಕೆಂದವರು ತಂತಿಯ ಮೂಲಕ ಅದನ್ನು ಕೇಳುತ್ತಾರೆ; ಯಂತ್ರವು ಒದಗಿಸುತ್ತದೆ. ತಿದ್ದಿದ ಕಡತವನ್ನು ಹಿಂದಕ್ಕೆ ಕಳುಹಿಸುತ್ತಾರೆ. ಯಂತ್ರವು ಸ್ವೀಕರಿಸಿ ಇಟ್ಟುಕೊಳ್ಳುತ್ತದೆ. ಇದಕ್ಕೇ ಫೈಲ್ ಸರ್ವರು ಎಂದು ಹೆಸರು.

ಈ ಯಂತ್ರವು ನೆಟ್ಟಗೆ ನಡೆಯುತ್ತಿರುವಷ್ಟು ಕಾಲ ಅದರ ನೆನಪು ಯಾರಿಗೂ ಬರುವುದಿಲ್ಲ. ಆದರೆ ಒಂದು ದಿನ ಹನ್ನೊಂದು ಗಂಟೆಯ ಹೊತ್ತಿಗೆ ಇನ್ನೂರು ಮಂದಿಯ ಕೆಲಸವೂ ಒಟ್ಟಿಗೇ ನಿಂತುಹೋಗಬಹುದು. ಯಂತ್ರದ ಯಾವ ಭಾಗವೂ ಮುರಿದಿರುವುದಿಲ್ಲ. ತಂತಿ ಕಡಿದಿರುವುದಿಲ್ಲ. ಕಡತಗಳನ್ನಿಡುವ ಡಿಸ್ಕಿನಲ್ಲಿ ಬೇಕಾದಷ್ಟು ಸ್ಥಳವಿರುತ್ತದೆ. ನಿನ್ನೆಯ ಸಂಜೆಯವರೆಗೆ ಎಲ್ಲವೂ ಸರಿಯಾಗಿದ್ದಿತು. ಹಾಗಾದರೆ ಆದುದೇನು? ಇಂತಹ ಪ್ರಸಂಗಗಳಲ್ಲಿ ಉತ್ತರವು ಅನೇಕ ವೇಳೆ ಆ ಯಂತ್ರದ ಸ್ಮೃತಿಯಲ್ಲಿ, ಎಂದರೆ ಮೆಮೊರಿಯಲ್ಲಿ, ದೊರೆಯುತ್ತದೆ. ಈ ಸ್ಮೃತಿಯ ವಿನಿಯೋಗ ಹೇಗೆ, ಅದರ ಮೇಲೆ ಕಾವಲಿಡುವುದು ಹೇಗೆ, ಎಚ್ಚರಿಕೆಯ ಗಂಟೆ ಬಾರಿಸಬೇಕಾದುದು ಯಾವಾಗ ಎಂಬುದನ್ನು ಇಲ್ಲಿ ವಿಚಾರಿಸೋಣ.

ಎರಡು ಉಗ್ರಾಣಗಳು

ಸರ್ವರಿನಲ್ಲಿ ಮಾಹಿತಿಯನ್ನಿಡಲು ಎರಡು ಸ್ಥಳಗಳುಂಟು. ಮೊದಲನೆಯದು ಡಿಸ್ಕು. ಇದು ದೊಡ್ಡದು, ಅಗ್ಗವಾದುದು. ವಿದ್ಯುತ್ತು ಹೋದರೂ ಇದರಲ್ಲಿ ಬರೆದುದು ಅಳಿಯದು. ಆದರೆ ಇದು ನಿಧಾನಿ. ಮಿನಿಟಿಗೆ ೭,೨೦೦ ಸುತ್ತು ತಿರುಗುವ ಡಿಸ್ಕನ್ನು ತೆಗೆದುಕೊಳ್ಳಿ. ಒಂದು ಸುತ್ತಿಗೆ ಸುಮಾರು ೮.೩ ಮಿಲಿಸೆಕೆಂಡು ಹಿಡಿಯುತ್ತದೆ. ಬೇಕಾದ ಭಾಗವು ಓದುವ ಮುಳ್ಳಿನ ಕೆಳಗೆ ಬರಲು ಸರಾಸರಿ ಅರ್ಧ ಸುತ್ತು, ಎಂದರೆ ೪ ಮಿಲಿಸೆಕೆಂಡಿಗೆ ಮಿಗಿಲಾಗಿ, ಕಾಯಬೇಕು. ಮುಳ್ಳನ್ನು ಹೊತ್ತ ತೋಳು ಸರಿಯಾದ ವೃತ್ತಕ್ಕೆ ಸರಿಯುವ ಹೊತ್ತನ್ನೂ ಸೇರಿಸಿದರೆ ಒಂದು ಓದಿಗೆ ಸುಮಾರು ೧೦ ಮಿಲಿಸೆಕೆಂಡು ಬೇಕೆಂದು ಲೆಕ್ಕ ಹಾಕಬಹುದು.

ಎರಡನೆಯದು ಸ್ಮೃತಿ. ಇದು ಅರೆವಾಹಕಗಳಿಂದ ರಚಿತವಾದುದು. ಇದರಲ್ಲಿ ತಿರುಗುವ, ಸರಿಯುವ ಅಂಗಗಳಾವುವೂ ಇಲ್ಲ. ಇಲ್ಲಿಂದ ಮಾಹಿತಿಯನ್ನು ಪಡೆಯಲು ಸೆಕೆಂಡಿನ ಕೋಟಿಯ ಒಂದು ಭಾಗ, ಎಂದರೆ ೧೦೦ ನ್ಯಾನೊಸೆಕೆಂಡು, ಸಾಕು. ಎರಡಕ್ಕೂ ಇರುವ ಅಂತರ ಲಕ್ಷಪಟ್ಟು. ಸ್ಮೃತಿಯಿಂದ ಒಂದು ಸೆಕೆಂಡಿನಲ್ಲಿ ಕಾಗದ ಸಿಕ್ಕುವುದೆಂದು ಕಲ್ಪಿಸಿಕೊಂಡರೆ, ಅದೇ ಪ್ರಮಾಣದಲ್ಲಿ ಡಿಸ್ಕಿನಿಂದ ಸಿಕ್ಕಲು ಇಪ್ಪತ್ತೇಳು ಗಂಟೆಗಳಿಗೂ ಹೆಚ್ಚು ಕಾಯಬೇಕಾಗುವುದು. ಈಗ ತಿರುಗುವ ಡಿಸ್ಕಿಗೆ ಬದಲಾಗಿ ಅರೆವಾಹಕ ಡಿಸ್ಕುಗಳು ಬಳಕೆಗೆ ಬಂದಿವೆ. ಅವುಗಳಿಂದ ಅಂತರವು ಲಕ್ಷದಿಂದ ಸಾವಿರದ ಆಸುಪಾಸಿಗೆ ಇಳಿದಿದೆಯೇ ಹೊರತು ಇಲ್ಲವಾಗಿಲ್ಲ.

ಆದುದರಿಂದ ಸರ್ವರು ಒಂದು ಉಪಾಯ ಮಾಡುತ್ತದೆ. ಡಿಸ್ಕಿನಿಂದ ಒಮ್ಮೆ ತಂದ ಭಾಗವನ್ನು ಕೇಳಿದವರಿಗೆ ಕೊಟ್ಟು, ಅದರ ಪ್ರತಿಯೊಂದನ್ನು ಸ್ಮೃತಿಯಲ್ಲಿಯೂ ಇಟ್ಟುಕೊಳ್ಳುತ್ತದೆ. ಅದನ್ನೇ ಮತ್ತೊಬ್ಬರು ಕೇಳಿದರೆ ಡಿಸ್ಕಿನವರೆಗೆ ಹೋಗಬೇಕಾದುದಿಲ್ಲ. ಮನುಷ್ಯರು ಕೇಳಿದುದನ್ನೇ ಮತ್ತೆ ಮತ್ತೆ ಕೇಳುವ ಸ್ವಭಾವದವರಾದುದರಿಂದ ಈ ಉಪಾಯವು ಚೆನ್ನಾಗಿ ಫಲಿಸುತ್ತದೆ. ಹೀಗೆ ಪ್ರತಿಗಳನ್ನಿಡುವ ಸ್ಮೃತಿಯ ಒಂದೊಂದು ಖಾನೆಗೂ ಬಫರು ಎಂದು ಹೆಸರು. ದೊಡ್ಡದಾದ ನಿಧಾನ ಸ್ಮೃತಿಯೊಂದಕ್ಕೆ ಚಿಕ್ಕದಾದ ಚುರುಕು ಸ್ಮೃತಿಯೊಂದನ್ನು ಸೇವಕನಂತೆ ನಿಲ್ಲಿಸುವ ವಿಚಾರವನ್ನು ಕೇಂಬ್ರಿಜ್‌ನ ಮಾರಿಸ್ ವಿಲ್ಕ್ಸ್ ಅವರು ೧೯೬೫ರಲ್ಲಿ ಒಂದು ಚಿಕ್ಕ ಲೇಖನದಲ್ಲಿ ನಿರೂಪಿಸಿದರು. ಡಿಸ್ಕಿನ ಮುಂದೆ ಬಫರುಗಳನ್ನು ನಿಲ್ಲಿಸುವುದೂ ಅದೇ ಜಾತಿಯ ಏರ್ಪಾಡು.

ಬಫರುಗಳೆಲ್ಲ ತುಂಬಿದ ಮೇಲೆ ಹೊಸ ಭಾಗಕ್ಕೆ ಸ್ಥಳವೆಲ್ಲಿ? ಯಾವ ಪ್ರತಿಯನ್ನು ಬಹಳ ಕಾಲದಿಂದ ಯಾರೂ ಕೇಳಿಲ್ಲವೋ ಅದನ್ನು ತೆಗೆದು, ಆ ಖಾನೆಯಲ್ಲಿ ಹೊಸದನ್ನು ಇಡುವುದು ಸಾಮಾನ್ಯ ನಿಯಮ. ಅಂಗಡಿಯವನು ದಿನವೂ ಮಾರಾಟವಾಗುವ ಸಾಮಾನನ್ನು ಕೈಗೆಟಕುವಂತಿಟ್ಟುಕೊಂಡು, ವರ್ಷಕ್ಕೊಮ್ಮೆ ಕೇಳುವುದನ್ನು ಅಟ್ಟಕ್ಕೆ ಏರಿಸುವುದಿಲ್ಲವೇ? ಇದೂ ಹಾಗೆಯೇ.

ಬರಿದಾದುದು ಭಾಗ್ಯವಲ್ಲ

ಕಾವಲಿನ ವಿಷಯದಲ್ಲಿ ಮೊದಲ ತಪ್ಪು ತಿಳಿವಳಿಕೆ ಹುಟ್ಟುವುದು ಇಲ್ಲಿಯೇ. ಸರ್ವರಿನ ಪರದೆಯನ್ನು ನೋಡಿದ ಹೊಸಬನಿಗೆ ಸ್ಮೃತಿಯಲ್ಲಿ ನೂರಕ್ಕೆ ತೊಂಬತ್ತೈದು ಪಾಲು ತುಂಬಿಹೋಗಿರುವಂತೆ ಕಾಣುತ್ತದೆ. ಅವನು ಗಾಬರಿಯಾಗುತ್ತಾನೆ. ಆದರೆ ಆ ತೊಂಬತ್ತೈದರಲ್ಲಿ ಬಹುಪಾಲು ಡಿಸ್ಕಿನ ಪ್ರತಿಗಳಿರಬಹುದು. ಬೇರೆ ಅಗತ್ಯ ಒದಗಿದರೆ ಆ ಪ್ರತಿಗಳನ್ನು ನಷ್ಟವಿಲ್ಲದೆ ತೆಗೆದುಹಾಕಬಹುದು; ಮೂಲವು ಡಿಸ್ಕಿನಲ್ಲಿಯೇ ಇದೆ. ಬರಿದಾಗಿ ಬಿದ್ದಿರುವ ಸ್ಮೃತಿಯು ಬಿತ್ತದೆ ಬಿಟ್ಟ ಹೊಲದಂತೆ. ಅದರಿಂದ ಯಾರಿಗೂ ಲಾಭವಿಲ್ಲ.

ಈ ಗೊಂದಲವು ಎಷ್ಟು ವ್ಯಾಪಕವಾಗಿದ್ದಿತೆಂದರೆ, ಇಂದು ಅಸಂಖ್ಯಾತ ಸರ್ವರುಗಳನ್ನು ನಡೆಸುತ್ತಿರುವ ಲಿನಕ್ಸ್ ವ್ಯವಸ್ಥೆಯಲ್ಲಿ ೨೦೧೪ರಲ್ಲಿ ಹೊಸದೊಂದು ಅಂಕಿಯನ್ನೇ ಸೇರಿಸಬೇಕಾಯಿತು. ಅದುವರೆಗೆ ಬರಿದಾದ ಸ್ಮೃತಿಯೆಷ್ಟು, ಪ್ರತಿಗಳಿಗೆ ಹೋದುದೆಷ್ಟು ಎಂದು ಬೇರೆ ಬೇರೆಯಾಗಿ ತೋರಿಸುತ್ತಿದ್ದರು. ಹೊಸ ಅಂಕಿಯು "ಬೇಕೆಂದಾಗ ದೊರೆಯಬಹುದಾದುದು ಎಷ್ಟು" ಎಂಬುದರ ಅಂದಾಜನ್ನು ತಿಳಿಸುತ್ತದೆ. ಕಾವಲುಗಾರನು ಗಮನಿಸಬೇಕಾದುದು ಇದನ್ನು.

ನೂರಕ್ಕೆ ಒಂದರ ಬೆಲೆ

ಬಫರುಗಳು ಕಡಿಮೆಯಾದರೆ ಕೆಲಸ ಸ್ವಲ್ಪ ಸ್ವಲ್ಪವಾಗಿ ನಿಧಾನವಾಗಬೇಕಷ್ಟೆ. ಒಮ್ಮೆಗೇ ಏಕೆ ನಿಲ್ಲಬೇಕು ಎಂದು ವಾಚಕರು ಕೇಳಬಹುದು. ಇದಕ್ಕೆ ಉತ್ತರವನ್ನು ಸರಳ ಗಣಿತವೇ ಕೊಡುತ್ತದೆ.

ನಮ್ಮ ಕಚೇರಿಯ ಇನ್ನೂರು ಕಂಪ್ಯೂಟರುಗಳಿಂದ ಸೆಕೆಂಡಿಗೆ ೫,೦೦೦ ಬೇಡಿಕೆಗಳು ಬರುತ್ತಿವೆಯೆನ್ನೋಣ. ನೂರಕ್ಕೆ ೯೯ ಬೇಡಿಕೆಗಳಿಗೆ ಬಫರುಗಳೇ ಉತ್ತರ ಕೊಡುತ್ತಿವೆ. ಉಳಿದವು ಸೆಕೆಂಡಿಗೆ ೫೦. ಅವು ಡಿಸ್ಕಿಗೆ ಹೋಗಬೇಕು. ಒಂದು ಓದಿಗೆ ೧೦ ಮಿಲಿಸೆಕೆಂಡಾದರೆ ಡಿಸ್ಕು ಸೆಕೆಂಡಿಗೆ ೧೦೦ ಓದುಗಳನ್ನು ಪೂರೈಸಬಲ್ಲುದು. ಎಂದರೆ ಅದು ಅರ್ಧ ಹೊತ್ತು ಬಿಡುವಾಗಿಯೇ ಇದೆ. ಈಗ ಬಫರುಗಳು ಕುಗ್ಗಿ, ೯೯ರ ಸ್ಥಾನದಲ್ಲಿ ೯೮ ಬೇಡಿಕೆಗಳಿಗೆ ಮಾತ್ರ ಅವುಗಳಿಂದ ಉತ್ತರ ದೊರೆಯಿತೆನ್ನಿ. ಇಳಿದುದು ಒಂದೇ ಅಂಶ. ಆದರೆ ಡಿಸ್ಕಿನ ಮೇಲೆ ಬೀಳುವ ಹೊರೆ ೫೦ರಿಂದ ೧೦೦ಕ್ಕೆ, ಎಂದರೆ ಇಮ್ಮಡಿಗೆ, ಏರಿತು. ಅದರ ಶಕ್ತಿಯ ಮೇರೆಯನ್ನೇ ಮುಟ್ಟಿತು.

ನಡುವಿನ ಹಂತಗಳು ಇನ್ನೂ ಬೋಧಪ್ರದವಾಗಿವೆ. ಸಾಲಿನಲ್ಲಿ ಕಾಯುವುದರ ಗಣಿತವನ್ನು ಟೆಲಿಫೋನ್ ಕರೆಗಳ ವಿಷಯದಲ್ಲಿ ಡೆನ್ಮಾರ್ಕಿನ ಎರ್ಲಾಂಗ್ ಅವರು ೧೯೦೯ರಲ್ಲಿ ಆರಂಭಿಸಿದರು. ಬೇಡಿಕೆಗಳು ಕ್ರಮವಿಲ್ಲದೆ ಬರುತ್ತವೆ, ಒಂದೊಂದನ್ನು ಪೂರೈಸುವ ಹೊತ್ತೂ ಹಾಗೆಯೇ ಹೆಚ್ಚು ಕಡಿಮೆಯಾಗುತ್ತದೆ ಎಂದಿಟ್ಟುಕೊಂಡು ಆ ಮಾರ್ಗದಲ್ಲಿ ಲೆಕ್ಕ ಮಾಡಿದರೆ, ಡಿಸ್ಕು ಅರ್ಧ ಹೊತ್ತು ದುಡಿಯುತ್ತಿರುವಾಗ ಒಂದು ಬೇಡಿಕೆಗೆ ಸರಾಸರಿ ೨೦ ಮಿಲಿಸೆಕೆಂಡು ಬೇಕು. ಮುಕ್ಕಾಲು ಹೊತ್ತು ದುಡಿಯುತ್ತಿರುವಾಗ ೪೦, ನೂರಕ್ಕೆ ತೊಂಬತ್ತು ಹೊತ್ತಾದಾಗ ೧೦೦, ತೊಂಬತ್ತೈದಾದಾಗ ೨೦೦. ನೂರನ್ನು ಮುಟ್ಟಿದರೆ ಸಾಲು ಬೆಳೆಯುತ್ತಲೇ ಹೋಗುವುದು. ಕಾಯುವ ಹೊತ್ತಿಗೆ ಮಿತಿಯೇ ಇರದು. ಇಳಿಜಾರಿನಲ್ಲಿ ನಡೆಯುತ್ತಿದ್ದವನು ಪ್ರಪಾತದ ಅಂಚಿಗೆ ಬಂದಂತೆ ಇದು. ಅಂಚಿನವರೆಗೂ ಅವನಿಗೆ ಇಳಿಜಾರು ಮಾತ್ರ ಕಾಣುತ್ತಿರುತ್ತದೆ.

ಹತ್ತಿರದ ಇನ್ನೊಂದು ವಿಪತ್ತೂ ಉಂಟು. ಬಫರುಗಳು ಅತಿ ಕಡಿಮೆಯಾದಾಗ, ಈಗ ತಾನೇ ತೆಗೆದುಹಾಕಿದ ಭಾಗವೇ ಮರುಕ್ಷಣದಲ್ಲಿ ಬೇಕಾಗುತ್ತದೆ. ಅದನ್ನು ತರಲು ಮತ್ತೊಂದನ್ನು ತೆಗೆಯುತ್ತಾರೆ, ಅದೂ ಬೇಕಾಗುತ್ತದೆ. ಯಂತ್ರವು ತರುವುದು ತೆಗೆಯುವುದು ಇದರಲ್ಲಿಯೇ ಹೊತ್ತು ಕಳೆದು, ಮಾಡಬೇಕಾದ ಕೆಲಸ ಹಿಂದೆ ಬೀಳುತ್ತದೆ. ಪೀಟರ್ ಡೆನ್ನಿಂಗ್ ಅವರು ೧೯೬೮ರಲ್ಲಿ ಕಂಪ್ಯೂಟರಿನ ಮುಖ್ಯ ಸ್ಮೃತಿಯ ವಿಷಯದಲ್ಲಿ ಇಂತಹ ಒದ್ದಾಟದ ಕಾರಣಗಳನ್ನು ವಿಶದಪಡಿಸಿದರು. ಪ್ರತಿಯೊಂದು ಕೆಲಸಕ್ಕೂ ಆಯಾ ಕಾಲದಲ್ಲಿ ಅನಿವಾರ್ಯವಾದ ಇಂತಿಷ್ಟು ಸ್ಮೃತಿಯುಂಟು. ಅದಕ್ಕಿಂತ ಕಡಿಮೆ ಕೊಟ್ಟರೆ ಕೆಲಸ ಕುಂಟುವುದಿಲ್ಲ, ಕುಸಿಯುತ್ತದೆ ಎಂಬುದು ಅವರ ವಿವರಣೆಯ ಸಾರಾಂಶ.

ನೆಟ್‌ವೇರಿನ ನಿದರ್ಶನ

ಈ ವಿಷಯವನ್ನು ಕಣ್ಣಿಗೆ ಕಟ್ಟುವಂತೆ ತೋರಿಸುವ ನಿದರ್ಶನವು ನೆಟ್‌ವೇರ್ ಎಂಬ ವ್ಯವಸ್ಥೆಯದು. ಅಮೆರಿಕದ ಯೂಟಾ ಸಂಸ್ಥಾನದ ನೋವೆಲ್ ಕಂಪನಿಯವರು ಇದನ್ನು ರಚಿಸಿದರು. ೧೯೮೯ರಲ್ಲಿ ಹೊರಬಂದ ಇದರ ೩ನೆಯ ಆವೃತ್ತಿಯೂ ಅನಂತರದವೂ ೧೯೯೦ರ ದಶಕದಲ್ಲಿ ಜಗತ್ತಿನ ಬಹುಸಂಖ್ಯೆಯ ಕಚೇರಿಗಳಲ್ಲಿ ಫೈಲ್ ಸರ್ವರುಗಳನ್ನು ನಡೆಸಿದುವು.

ನೆಟ್‌ವೇರ್ ತನ್ನ ಸ್ವಂತ ಅಗತ್ಯಗಳು ಕಳೆದು ಉಳಿದ ಸ್ಮೃತಿಯೆಲ್ಲವನ್ನೂ ಬಫರುಗಳಿಗೆ ವಿನಿಯೋಗಿಸುತ್ತಿದ್ದಿತು. ಬೇರೆ ಯಾವ ಕಾರ್ಯಕ್ಕೆ ಸ್ಮೃತಿ ಬೇಕಾದರೂ ಈ ಭಂಡಾರದಿಂದಲೇ ತೆಗೆಯಬೇಕು. ಮುದ್ರಣದ ಕಾರ್ಯಕ್ರಮವೊಂದನ್ನು ಸೇರಿಸಿದರೆ ಬಫರುಗಳು ಅಷ್ಟು ಕಡಿಮೆಯಾಗುತ್ತಿದ್ದುವು. ಅಷ್ಟೇ ಅಲ್ಲ, ದೊಡ್ಡ ಡಿಸ್ಕೊಂದನ್ನು ಜೋಡಿಸಿದರೂ ಕಡಿಮೆಯಾಗುತ್ತಿದ್ದುವು. ಯಾವ ಕಡತ ಡಿಸ್ಕಿನ ಎಲ್ಲೆಲ್ಲಿ ಇದೆ ಎಂಬ ಪಟ್ಟಿಯನ್ನು ಇಡಿಯಾಗಿ ಸ್ಮೃತಿಯಲ್ಲಿಟ್ಟುಕೊಳ್ಳುವುದು ಅದರ ಪದ್ಧತಿಯಾಗಿದ್ದುದೇ ಇದಕ್ಕೆ ಕಾರಣ. ಉಗ್ರಾಣ ದೊಡ್ಡದಾದಂತೆಲ್ಲ ಅದರ ಪಟ್ಟಿಯೂ ಬೆಳೆದು ಮೇಜನ್ನು ಆಕ್ರಮಿಸಿದಂತೆ. ಇದರ ಮೇಲೆ, ೩ನೆಯ ಆವೃತ್ತಿಯಲ್ಲಿ ಅಲ್ಪಕಾಲದ ಅಗತ್ಯಗಳಿಗೆಂದು ತೆಗೆದುಕೊಂಡ ಸ್ಮೃತಿಯು ಯಂತ್ರವನ್ನು ನಿಲ್ಲಿಸಿ ಮತ್ತೆ ಹೊರಡಿಸುವವರೆಗೂ ಬಫರುಗಳ ಭಂಡಾರಕ್ಕೆ ಹಿಂದಿರುಗುತ್ತಿರಲಿಲ್ಲ. ಹೀಗಾಗಿ ತಿಂಗಳುಗಟ್ಟಲೆ ನಡೆದ ಸರ್ವರಿನಲ್ಲಿ, ಯಾರೂ ಏನನ್ನೂ ಬದಲಾಯಿಸದಿದ್ದರೂ, ಭಂಡಾರವು ಸದ್ದಿಲ್ಲದೆ ಸವೆಯಬಹುದಾಗಿದ್ದಿತು.

ಕಾವಲಿಗೆಂದು ಮಾನಿಟರ್ ಎಂಬ ಕಾರ್ಯಕ್ರಮವಿದ್ದಿತು. ಯಂತ್ರ ಹೊರಟಾಗ ಇದ್ದ ಬಫರುಗಳೆಷ್ಟು, ಈಗ ಉಳಿದಿರುವುವೆಷ್ಟು, ಅವುಗಳಲ್ಲಿ ಡಿಸ್ಕಿಗೆ ಇನ್ನೂ ಬರೆಯದ ಮಾಹಿತಿಯುಳ್ಳವು ಎಷ್ಟು ಎಂಬುದನ್ನು ಅದು ಒಂದೇ ಪರದೆಯಲ್ಲಿ ತೋರಿಸುತ್ತಿದ್ದಿತು. ಎಚ್ಚರಿಕೆಯ ಏರ್ಪಾಡೂ ಇದ್ದಿತು. ಅದನ್ನು ಸ್ವಲ್ಪ ಪರಿಶೀಲಿಸಬೇಕು. ಬೇರೆ ಯಾರೂ ಮುಟ್ಟಬಾರದ ಕನಿಷ್ಠ ಬಫರುಗಳ ಸಂಖ್ಯೆ, ನಿರ್ವಾಹಕನು ಬದಲಾಯಿಸದಿದ್ದರೆ, ೨೦. ಆ ಕನಿಷ್ಠಕ್ಕೆ ಇನ್ನು ೨೦ ಮಾತ್ರ ಉಳಿದಿರುವಾಗ, ಎಂದರೆ ಒಟ್ಟು ೪೦ ಆದಾಗ, ಬಫರುಗಳು ತೀರ ಕಡಿಮೆಯಾಗುತ್ತಿವೆಯೆಂಬ ಎಚ್ಚರಿಕೆ ಪರದೆಯ ಮೇಲೆ ಮೂಡುತ್ತಿದ್ದಿತು. ಒಂದು ಬಫರಿನ ಸಾಮಾನ್ಯ ಅಳತೆ ೪ ಕಿಲೊಬೈಟು. ನಲವತ್ತಕ್ಕೆ ೧೬೦ ಕಿಲೊಬೈಟು. ಹದಿನಾರು ಮೆಗಾಬೈಟಿನ ಸರ್ವರಿನಲ್ಲಿ ಇದು ನೂರಕ್ಕೆ ಒಂದು ಪಾಲು ಕೂಡ ಆಗದು.

ಇದರ ಅರ್ಥವೇನು? ಗಂಟೆ ಬಾರಿಸುವ ಹೊತ್ತಿಗೆ ನಾವು ಮೇಲೆ ಲೆಕ್ಕ ಹಾಕಿದ ಪ್ರಪಾತವನ್ನು ಸರ್ವರು ಎಂದೋ ದಾಟಿರುತ್ತಿದ್ದಿತು. ಆ ಗಂಟೆಯು ಯಂತ್ರ ಸಾಯುವುದನ್ನು ತಪ್ಪಿಸಲು ಇಟ್ಟದ್ದು. ಜನರ ಕೆಲಸ ಕೆಡುವುದನ್ನು ತಪ್ಪಿಸಲು ಇಟ್ಟದ್ದಲ್ಲ. ಅನುಭವಶಾಲಿಗಳಾದ ನಿರ್ವಾಹಕರು ಇದನ್ನರಿತು ತಮ್ಮದೇ ರೂಢಿಯೊಂದನ್ನು ಇಟ್ಟುಕೊಂಡಿದ್ದರು. ಒಟ್ಟು ಸ್ಮೃತಿಯಲ್ಲಿ ಬಫರುಗಳ ಪಾಲು ನೂರಕ್ಕೆ ೨೦ಕ್ಕಿಂತ ಕೆಳಗಿಳಿದರೆ ಹೊಸ ಸ್ಮೃತಿಯನ್ನು ಕೊಳ್ಳಬೇಕು, ಇಲ್ಲವೇ ಬೇಡದ ಕಾರ್ಯಕ್ರಮಗಳನ್ನು ಇಳಿಸಬೇಕು ಎಂಬುದೇ ಆ ರೂಢಿ. ಅನಂತರದ ಆವೃತ್ತಿಗಳ ಪರದೆಯಲ್ಲಿ ಇನ್ನೂ ಸೂಕ್ಷ್ಮವಾದ ಅಂಕಿಯೊಂದು ಸೇರಿತು: ಎಲ್ಲಕ್ಕಿಂತ ಹಳೆಯ ಪ್ರತಿಯು ಮುಟ್ಟದೆ ಎಷ್ಟು ಹೊತ್ತಿನಿಂದ ಬಫರಿನಲ್ಲಿ ಕುಳಿತಿದೆ ಎಂಬುದು. ಅದು ಗಂಟೆಗಳಲ್ಲಿದ್ದರೆ ಭಂಡಾರ ಸಮೃದ್ಧ. ಸೆಕೆಂಡುಗಳಿಗೆ ಇಳಿದರೆ ಬಂದ ಅತಿಥಿಯನ್ನು ಕೂರಿಸುವ ಮೊದಲೇ ಎಬ್ಬಿಸುತ್ತಿರುವರೆಂದರ್ಥ.

ಹೊಸ್ತಿಲಿನ ಬಫರುಗಳು, ಬರೆಯದ ಬಫರುಗಳು

ತಂತಿಯ ಮೂಲಕ ಬರುವ ಬೇಡಿಕೆಗಳನ್ನು ಸರ್ವರು ಕೈಗೆತ್ತಿಕೊಳ್ಳುವವರೆಗೆ ಇರಿಸಲು ಬೇರೆ ಬಗೆಯ ಬಫರುಗಳುಂಟು. ಇವು ಮನೆಯ ಜಗಲಿಯಿದ್ದಂತೆ. ಜಗಲಿ ತುಂಬಿದ್ದರೆ ಬಂದ ಬೇಡಿಕೆಯು ನಿಲ್ಲಲು ಎಡೆಯಿಲ್ಲದೆ ನಷ್ಟವಾಗುತ್ತದೆ. ಕಳುಹಿಸಿದ ಕಂಪ್ಯೂಟರು ಉತ್ತರ ಬಾರದುದನ್ನು ಕಂಡು ಮತ್ತೆ ಕಳುಹಿಸುತ್ತದೆ. ಕಡತಕ್ಕೆ ಹಾನಿಯಿಲ್ಲ, ಆದರೆ ಮೊದಲೇ ತುಂಬಿದ ದಾರಿಯಲ್ಲಿ ಇನ್ನಷ್ಟು ನೂಕುನುಗ್ಗಲು. ಹೀಗೆ ನಷ್ಟವಾದುವುಗಳ ಎಣಿಕೆಯನ್ನು ನೆಟ್‌ವೇರ್ ಇಡುತ್ತಿದ್ದಿತು. ಆ ಎಣಿಕೆ ಏರುತ್ತಿದ್ದರೆ, ಜಗಲಿ ಕಿರಿದಾಗಿರಬಹುದು. ಇಲ್ಲವೇ ಒಳಗಿನ ಡಿಸ್ಕು ನಿಧಾನವಾದುದರಿಂದ ಜಗಲಿ ಖಾಲಿಯಾಗದೇ ಇರಬಹುದು. ಎರಡನೆಯದು ಕಾರಣವಾದರೆ ಜಗಲಿಯನ್ನು ವಿಸ್ತರಿಸಿ ಪ್ರಯೋಜನವಿಲ್ಲ.

ಎಲ್ಲಕ್ಕಿಂತ ಹೆಚ್ಚು ಜೋಕೆ ಬೇಕಾದುದು ಬರೆಯದ ಬಫರುಗಳ ವಿಷಯದಲ್ಲಿ. ಯಾರಾದರೂ ಕಡತವನ್ನು ತಿದ್ದಿ ಕಳುಹಿಸಿದಾಗ ಸರ್ವರು ಅದನ್ನು ಸ್ಮೃತಿಯಲ್ಲಿಟ್ಟುಕೊಂಡು "ಆಯಿತು" ಎಂದುಬಿಡುವುದುಂಟು. ಡಿಸ್ಕಿಗೆ ಬರೆಯುವುದು ಆಮೇಲೆ. ನೆಟ್‌ವೇರಿನಲ್ಲಿ ಈ ತಡವು ಸಾಮಾನ್ಯವಾಗಿ ೩.೩ ಸೆಕೆಂಡಿನದು. ಲಿನಕ್ಸಿನಲ್ಲಿ, ಬೇರೆ ಆಜ್ಞೆಯಿಲ್ಲದಿದ್ದರೆ, ೩೦ ಸೆಕೆಂಡು ಹಳೆಯದಾದುದನ್ನು ಬರೆಯಲು ತೊಡಗುವುದು ವಾಡಿಕೆ. ಈ ನಡುವೆ ವಿದ್ಯುತ್ತು ಹೋಯಿತೆಂದರೆ "ಆಯಿತು" ಎಂದು ಹೇಳಿಸಿಕೊಂಡ ಬರಹವು ಎಲ್ಲಿಯೂ ಇರುವುದಿಲ್ಲ. ಮುಖ್ಯವಾದ ಲೆಕ್ಕಗಳನ್ನಿಡುವ ಕಾರ್ಯಕ್ರಮಗಳು "ಡಿಸ್ಕಿಗೆ ಬರೆದ ಮೇಲೆಯೇ ಹೇಳು" ಎಂದು ಒತ್ತಾಯಿಸುವುದು ಇದಕ್ಕಾಗಿಯೇ. ಸರ್ವರಿನ ಪಕ್ಕದಲ್ಲಿ ಬ್ಯಾಟರಿಯ ಆಸರೆ ಇಡುವುದೂ ಇದಕ್ಕಾಗಿಯೇ. ಬರೆಯದ ಬಫರುಗಳ ಸಂಖ್ಯೆ ಏರಿ, ಇಳಿಯದೆ ನಿಂತರೆ, ಡಿಸ್ಕು ಬರೆಯುವುದಕ್ಕಿಂತ ವೇಗವಾಗಿ ಬರಹ ಬರುತ್ತಿದೆಯೆಂದು ತಿಳಿಯಬೇಕು. ಎಷ್ಟು ಬಫರುಗಳು ಆ ಸ್ಥಿತಿಯಲ್ಲಿವೆಯೋ ಅಷ್ಟು ಜನರ ದುಡಿಮೆ ಆ ಕ್ಷಣದಲ್ಲಿ ಅಪಾಯದಲ್ಲಿದೆ.

ಗಂಟೆ ಯಾವಾಗ ಬಾರಿಸಬೇಕು?

ಇಷ್ಟನ್ನು ತಿಳಿದ ಮೇಲೆ ಎಚ್ಚರಿಕೆಯ ನಿಯಮಗಳು ತಾವಾಗಿಯೇ ಹೊಳೆಯುತ್ತವೆ.

ಮೊದಲನೆಯದಾಗಿ, ಗಂಟೆಯು ಪರಿಹಾರಕ್ಕೆ ಬೇಕಾದಷ್ಟು ಕಾಲವನ್ನು ಉಳಿಸಿ ಬಾರಿಸಬೇಕು. ಹೊಸ ಸ್ಮೃತಿಯನ್ನು ಕೊಂಡು ತಂದು ಜೋಡಿಸಲು ಮೂರು ವಾರ ಬೇಕಾದರೆ, ಮೂರು ದಿನ ಮುಂಚೆ ಬಂದ ಎಚ್ಚರಿಕೆಯಿಂದ ಫಲವೇನು? ಆದುದರಿಂದ ಉಳಿದಿರುವ ಪ್ರಮಾಣಕ್ಕಿಂತ ಇಳಿಯುತ್ತಿರುವ ಗತಿಯೇ ಮುಖ್ಯ. ಬಫರುಗಳ ಪಾಲು ಈಗ ನೂರಕ್ಕೆ ೬೦ ಇದ್ದು ದಿನಕ್ಕೆ ಒಂದೊಂದು ಅಂಶ ಇಳಿಯುತ್ತಿದ್ದರೆ ೨೦ರ ಮೇರೆಯನ್ನು ನಲವತ್ತು ದಿನಗಳಲ್ಲಿ ಮುಟ್ಟುವುದು. ೩೦ ಇದ್ದು ವರ್ಷದಿಂದ ಕದಲದೆ ನಿಂತಿದ್ದರೆ ಅವಸರವಿಲ್ಲ. ಪ್ರತಿದಿನವೂ ಒಂದೇ ಹೊತ್ತಿಗೆ ಅಂಕಿಗಳನ್ನು ಬರೆದಿಟ್ಟವನಿಗೆ ಮಾತ್ರ ಈ ಭೇದ ಕಾಣುತ್ತದೆ.

ಎರಡನೆಯದಾಗಿ, ಕ್ಷಣಮಾತ್ರದ ಏರಿಳಿತಕ್ಕೆ ಗಂಟೆ ಬಾರಿಸಬಾರದು. ತೋಳ ಬಂತೆಂದು ಸುಮ್ಮಸುಮ್ಮನೆ ಕೂಗಿದ ಹುಡುಗನ ಕಥೆ ಎಲ್ಲರಿಗೂ ಗೊತ್ತು. ರಾತ್ರಿ ನಕಲು ತೆಗೆಯುವ ಹೊತ್ತಿನಲ್ಲಿ ದಿನವೂ ಐದು ಮಿನಿಟು ಬರೆಯದ ಬಫರುಗಳು ಏರುವುದು ಸಹಜ. ಅದಕ್ಕೆಲ್ಲ ಗಂಟೆ ಬಾರಿಸಿದರೆ, ನಿಜವಾದ ಗಂಟೆಯನ್ನೂ ನಿರ್ವಾಹಕನು ಕೇಳದಂತಾಗುತ್ತಾನೆ. ಇಂತಿಷ್ಟು ಹೊತ್ತು ಮೇರೆ ಮೀರಿಯೇ ಇದ್ದರೆ ಬಾರಿಸಬೇಕು. ನಿಲ್ಲಿಸುವ ಮೇರೆಯು ಬಾರಿಸುವ ಮೇರೆಗಿಂತ ಸ್ವಲ್ಪ ಈಚೆಗಿರಬೇಕು. ಇಲ್ಲವಾದರೆ ಅಂಚಿನಲ್ಲಿ ತೂಗಾಡುವ ಅಂಕಿಯು ಗಂಟೆಯನ್ನು ರಾತ್ರಿಯೆಲ್ಲ ಬಡಿಯುತ್ತಿರುವುದು.

ಮೂರನೆಯದು, ಎಲ್ಲಕ್ಕಿಂತ ಮುಖ್ಯವಾದುದು. ಸ್ಮೃತಿ ಎಷ್ಟು ತುಂಬಿದೆ ಎಂಬುದಕ್ಕಿಂತ, ಅದರ ಕೊರತೆಯಿಂದ ಕೆಲಸಗಳು ಎಷ್ಟು ಹೊತ್ತು ಕಾಯುತ್ತಿವೆ ಎಂಬುದನ್ನು ಅಳೆಯಬೇಕು. ೨೦೧೮ರ ಡಿಸೆಂಬರಿನಲ್ಲಿ ಬಂದ ಲಿನಕ್ಸ್ ಆವೃತ್ತಿಯಲ್ಲಿ ಇದಕ್ಕೆ ನೇರವಾದ ಮಾಪಕವೊಂದು ಸೇರಿತು. ಹಿಂದಿನ ಹತ್ತು ಸೆಕೆಂಡು, ಒಂದು ಮಿನಿಟು, ಐದು ಮಿನಿಟುಗಳಲ್ಲಿ ಸ್ಮೃತಿಗಾಗಿ ಕಾದು ವ್ಯರ್ಥವಾದ ಹೊತ್ತು ನೂರಕ್ಕೆ ಎಷ್ಟು ಎಂದು ಅದು ತಿಳಿಸುತ್ತದೆ. ಒಂದು ಸೆಕೆಂಡಿನಲ್ಲಿ ೧೫೦ ಮಿಲಿಸೆಕೆಂಡು ಹೀಗೆ ಪೋಲಾದರೆ ನನ್ನನ್ನು ಎಬ್ಬಿಸು ಎಂದು ಅದಕ್ಕೆ ಹೇಳಿಡಲೂ ಈಗ ಸಾಧ್ಯವಿದೆ. ಪಾತ್ರೆಯಲ್ಲಿ ನೀರೆಷ್ಟಿದೆ ಎಂದು ನೋಡುತ್ತಿದ್ದವರು ಮನೆಯವರಿಗೆ ಬಾಯಾರಿದೆಯೇ ಎಂದು ಕೇಳಲು ಕಲಿತಂತಾಯಿತು.

ನೆಟ್‌ವೇರಿನ ಕಾಲ ಮುಗಿದಿದೆ. ಹದಿನಾರು ಮೆಗಾಬೈಟಿದ್ದ ಸ್ಥಳದಲ್ಲಿ ಈಗ ಅದರ ಸಾವಿರಾರು ಪಟ್ಟು ಸ್ಮೃತಿಯುಳ್ಳ ಯಂತ್ರಗಳಿವೆ. ಆದರೆ ಬೇಡಿಕೆಗಳೂ ಅಷ್ಟೇ ಬೆಳೆದಿವೆ. ನೂರಕ್ಕೆ ಒಂದಂಶ ಇಳಿದರೆ ಹೊರೆ ಇಮ್ಮಡಿಯಾಗುವ ಲೆಕ್ಕವು ಮೆಗಾಬೈಟಿನಲ್ಲಿ ಹೇಗೋ ಟೆರಾಬೈಟಿನಲ್ಲಿಯೂ ಹಾಗೆಯೇ ಸತ್ಯ. ಕಾವಲುಗಾರನಿಗೆ ಬೇಕಾದುದು ದೊಡ್ಡ ಗಂಟೆಯಲ್ಲ. ದಿನದಿನದ ಅಂಕಿಗಳನ್ನು ಬರೆದಿಟ್ಟ ಒಂದು ಪುಸ್ತಕ, ಮತ್ತು ಗಂಟೆ ಬಾರಿಸುವ ಮುನ್ನವೇ ಅದನ್ನು ತೆರೆದು ನೋಡುವ ಅಭ್ಯಾಸ.